ಕೊಂಬೆ ಬಿಟ್ಟು ಜಾಲರಿ ಹಿಡಿದ ಊಸರವಳ್ಳಿ: ಒಂದು ಪ್ರಕರಣ ಅಧ್ಯಯನ

ಪ್ರಾಣಿ ಒಂದೂವರೆ ವರ್ಷದ ಗಂಡು ವೇಲ್ಡ್ (Veiled) ಊಸರವಳ್ಳಿ. ಸಾಕಣೆಯಲ್ಲೇ ಮೊಟ್ಟೆಯೊಡೆದು ಬಂದದ್ದು, ದಾಖಲೆಪತ್ರಗಳು ಸರಿಯಾಗಿದ್ದವು. ತೂಕ 140 ಗ್ರಾಂ. ಗೂಡಿನ ಅಗಲ 60 ಸೆಂಟಿಮೀಟರ್, ಆಳ 60, ಎತ್ತರ 120. ನಾಲ್ಕು ಬದಿಗೂ ಚಾವಣಿಗೂ ಜಾಲರಿ. ಒಳಗೆ ಕೊಂಬೆಗಳಿಗೆ ಕೊರತೆಯೇನೂ ಇರಲಿಲ್ಲ. ಆದರೂ ಅದು ಹಗಲಿನ ಹೆಚ್ಚು ಹೊತ್ತನ್ನು ಜಾಲರಿಯ ಮೇಲೆಯೇ ಕಳೆಯುತ್ತಿತ್ತು. ಎಷ್ಟೋ ಸಲ ಚಾವಣಿಯ ಜಾಲರಿಗೆ ತಲೆಕೆಳಗಾಗಿ ನೇತುಬಿದ್ದಿರುತ್ತಿತ್ತು. ಬಲ ಮುಂಗಾಲಿನ ಎರಡು ಉಗುರುಗಳು ಕಿತ್ತುಹೋಗಿದ್ದವು, ಒಂದು ಬೆರಳು ಊದಿಕೊಂಡಿತ್ತು, ತಲೆಯ ಮೇಲಿನ ಎತ್ತರದ ಶಿಖೆಯ ತುದಿಯಲ್ಲಿ ಕಂದು ಬಣ್ಣದ ಒರಟು ಕಲೆಯೊಂದು ಮೂಡಿತ್ತು.

ಸಾಕುತ್ತಿದ್ದವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಯಾವ ಮರದ ಕೊಂಬೆ ಹಾಕಿದರೆ ಸುರಕ್ಷಿತ? ಊಸರವಳ್ಳಿ ಸಾಕುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಇದನ್ನೇ. ಮರಗಳ ಹೆಸರಿನ ಪಟ್ಟಿ ಕೈಗೆ ಸಿಕ್ಕರೆ ಕೆಲಸ ಮುಗಿಯಿತು ಎಂದು ಅವರಿಗೆ ಅನಿಸುತ್ತದೆ. ನನ್ನ ಅಭಿಪ್ರಾಯ ಬೇರೆ. ಕೊಂಬೆಯ ದಪ್ಪ ಮೊದಲು, ಅದನ್ನು ಎಲ್ಲಿ ಹೇಗೆ ಕಟ್ಟಿದ್ದೇವೆ ಎನ್ನುವುದು ಆಮೇಲೆ, ಮರದ ಜಾತಿ ಮೂರನೆಯದು. ವಿಷದ ಮರವನ್ನು ಆರಿಸಿಕೊಂಡರೆ ಅಪಾಯ ನಿಜ. ಆದರೆ ನಾನು ನೋಡಿರುವ ಗಾಯಗಳಲ್ಲಿ ಬಹುಪಾಲು ಯಾವ ಪಟ್ಟಿಯಲ್ಲೂ ದೋಷವಿಲ್ಲದ ಕೊಂಬೆಗಳಿಂದಲೇ ಆದವು. ಈ ಪ್ರಾಣಿಯ ಕಥೆಯೂ ಹೆಚ್ಚುಕಡಿಮೆ ಹಾಗೆಯೇ.

ಪಾದದ ರಚನೆ ತಿಳಿದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಊಸರವಳ್ಳಿಗೆ ಪಾದಕ್ಕೆ ಐದು ಬೆರಳುಗಳಿದ್ದರೂ ಅವು ಬಿಡಿಬಿಡಿಯಾಗಿಲ್ಲ, ಎರಡು ಗುಂಪುಗಳಾಗಿ ಕೂಡಿಕೊಂಡಿವೆ. ಮುಂಗಾಲಿನಲ್ಲಿ ಒಳಬದಿಗೆ ಮೂರು, ಹೊರಬದಿಗೆ ಎರಡು. ಹಿಂಗಾಲಿನಲ್ಲಿ ಇದು ತಿರುಗುಮುರುಗು. ಎರಡು ಗುಂಪುಗಳೂ ಇಕ್ಕಳದಂತೆ ಎದುರುಬದುರಾಗಿ ಕೊಂಬೆಯನ್ನು ಕಚ್ಚಿ ಹಿಡಿಯುತ್ತವೆ. ಭಾರ ಹೊರುವುದು ಪಾದದ ಒಳಮೈ. ಉಗುರು ಜಾರದಂತೆ ಆನಿಕೆ ಕೊಡುತ್ತದೆ, ಅಷ್ಟೇ. ಇದರ ಜೊತೆಗೆ ಸುತ್ತಿಕೊಳ್ಳುವ ಬಾಲ ಇನ್ನೊಂದು ಕಾಲಿನ ಕೆಲಸ ಮಾಡುತ್ತದೆ. ಹಲ್ಲಿಯ ಹಾಗೆ ಬಾಲ ಕಳಚಿ ಮತ್ತೆ ಬೆಳೆಸಿಕೊಳ್ಳುವ ಶಕ್ತಿ ಇದಕ್ಕಿಲ್ಲ, ಹಾಗಾಗಿ ಬಾಲಕ್ಕೆ ಆಗುವ ಪೆಟ್ಟು ಶಾಶ್ವತ. ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗದ ಪೊದೆ, ಮರಗಳಲ್ಲಿ ಬಾಳುವ ಈ ಜೀವಿ ನೆಲಕ್ಕಿಳಿಯುವುದು ಅಪರೂಪ. ಕಾಡಿನಲ್ಲಿ ಅದರ ಕಾಲ ಕೆಳಗೆ ಒಂದೇ ದಪ್ಪದ ಎರಡು ರೆಂಬೆ ಸಿಗುವುದೂ ಅಪರೂಪವೇ.

ಮೊದಲು ಮೂಳೆ

ಕೊಂಬೆಯ ಮೇಲೆ ತಪ್ಪು ಹೊರಿಸುವ ಮೊದಲು ಪ್ರಾಣಿಯ ಮೂಳೆಗಳನ್ನು ನೋಡಬೇಕು. ಹಿಡಿತ ಸಡಿಲವಾಗುವುದಕ್ಕೆ, ಕೊಂಬೆಯಿಂದ ಪದೇಪದೇ ಬೀಳುವುದಕ್ಕೆ ಮೂಳೆ ಮೆತ್ತಗಾಗುವ ರೋಗ ಬಹಳ ಸಾಮಾನ್ಯವಾದ ಕಾರಣ. ಕ್ಯಾಲ್ಸಿಯಂ ಸಾಲದಿದ್ದರೆ, ಇಲ್ಲವೇ ಯುವಿಬಿ ಬೆಳಕು (ಅತಿನೇರಳೆ ಕಿರಣಗಳ ಒಂದು ಬಗೆ) ಸಿಗದೆ ವಿಟಮಿನ್ ಡಿ3 ಕೊರತೆಯಾದರೆ ಇದು ಬರುತ್ತದೆ. ಕಾಲುಗಳು ಬಿಲ್ಲಿನಾಕಾರಕ್ಕೆ ಬಾಗುವುದು, ದವಡೆ ಮೆತ್ತಗಾಗುವುದು, ನಡೆಯುವಾಗ ಮೈ ನಡುಗುವುದು ಇದರ ಲಕ್ಷಣಗಳು. ಬೆರಳ ಊತಕ್ಕೆ ಸೋಂಕು ಕಾರಣವಿರಬಹುದು, ಕೀಲುಗಳಲ್ಲಿ ಯೂರಿಕ್ ಆಮ್ಲದ ಹರಳು ಸೇರಿರಬಹುದು. ಇವನ್ನೆಲ್ಲ ಕಣ್ಣಂದಾಜಿನಲ್ಲಿ ತೀರ್ಮಾನಿಸುವುದು ಸರಿಯಲ್ಲ. ಸಾಕುವವರು ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಹೋದರು. ಎಕ್ಸ್‌ರೇಯಲ್ಲಿ ಮೂಳೆಗಳು ಗಟ್ಟಿಯಾಗಿದ್ದವು. ಉಗುರು ಕಿತ್ತ ಜಾಗದಲ್ಲಿ ಸಣ್ಣ ಸೋಂಕು, ಶಿಖೆಯ ಮೇಲೆ ಸುಟ್ಟ ಗಾಯ. ಎರಡಕ್ಕೂ ಅಲ್ಲೇ ಚಿಕಿತ್ಸೆ ಶುರುವಾಯಿತು. ಅಲ್ಲಿಗೆ ಉಳಿದ ಪ್ರಶ್ನೆ ಗೂಡಿನದು ಮಾತ್ರ.

ಗೂಡಿನೊಳಗೆ ಕಂಡದ್ದು

ಒಳಗೆ ಐದು ಬಿದಿರಿನ ಕೋಲುಗಳಿದ್ದವು. ಐದೂ ಎರಡೂವರೆ ಸೆಂಟಿಮೀಟರ್ ದಪ್ಪದವು, ಒಂದೇ ಅಳತೆಗೆ ಕತ್ತರಿಸಿದವು. ನಾಲ್ಕನ್ನು ಬಹುತೇಕ ನೆಟ್ಟಗೆ ನಿಲ್ಲಿಸಿದ್ದರು. ಒಂದು ಮಾತ್ರ ಅಡ್ಡವಾಗಿ, ಗೂಡಿನ ನಡುವೆ. ಮೇಲ್ಭಾಗದಲ್ಲಿ, ಪ್ರಾಣಿ ಮೈ ಕಾಯಿಸಿಕೊಳ್ಳಲೆಂದು ಇಟ್ಟ ದೀಪದ ಕೆಳಗೆ, ತೊಗಟೆ ಸಹಿತವಾದ ಪೈನ್ ಕೊಂಬೆಯೊಂದನ್ನು ಕಟ್ಟಿದ್ದರು. ಅದು ನೋಡಲು ಬಹಳ ಚೆಂದವಾಗಿತ್ತು. ಇವೆಲ್ಲವನ್ನೂ ಸುತ್ತಿಕೊಂಡು, ಬೇಕಾದಂತೆ ಬಾಗಿಸಬಹುದಾದ ಕೃತಕ ಬಳ್ಳಿ, ಅದರ ಮೈಗೆ ಅಂಟಿಸಿದ ಹಸಿರು ಪಾಚಿಯ ಚೂರುಗಳು. ಮೂಲೆಯಲ್ಲಿ ಕುಂಡದಲ್ಲಿ ಒಂದು ಶೆಫ್ಲೆರಾ ಗಿಡ.

ಬಿದಿರಿನ ಹೊರಮೈ ನುಣುಪು. ಒದ್ದೆಯಾದರೆ ಇನ್ನೂ ಜಾರುತ್ತದೆ, ಅದರಲ್ಲೂ ದಿನಕ್ಕೆರಡು ಹೊತ್ತು ನೀರು ಸಿಂಪಡಿಸುವ ಗೂಡಿನಲ್ಲಿ. ಗಂಟುಗಳ ನಡುವಿನ ಉದ್ದನೆಯ ನುಣ್ಣನೆಯ ಭಾಗದಲ್ಲಿ ಉಗುರಿಗೆ ಸಿಕ್ಕಿಕೊಳ್ಳಲು ಏನೂ ಇಲ್ಲ. ನೆಟ್ಟಗೆ ನಿಂತ ಕೋಲನ್ನು ಊಸರವಳ್ಳಿ ಹತ್ತಬಲ್ಲದು, ಆದರೆ ಅದರ ಮೇಲೆ ಗಂಟೆಗಟ್ಟಲೆ ವಿಶ್ರಾಂತಿ ಪಡೆಯಲಾರದು. ಅದಕ್ಕೆ ಅಡ್ಡಕೊಂಬೆ ಬೇಕು, ಹೆಚ್ಚೆಂದರೆ ಸ್ವಲ್ಪ ಓರೆಯಾದದ್ದು. ಈ ಗೂಡಿನಲ್ಲಿ ಉಗುರು ಊರುವುದಕ್ಕೆ ಒದಗುತ್ತಿದ್ದ ಮೇಲ್ಮೈ ಜಾಲರಿಯೊಂದೇ. ಪ್ರಾಣಿ ಅದನ್ನು ಆರಿಸಿಕೊಂಡಿತು. ಸಾಕುವವರು ಇದನ್ನು ಹಟ ಎಂದುಕೊಂಡಿದ್ದರು, ಹೊರಬರಲು ಹವಣಿಸುತ್ತಿದೆ ಎಂದೂ ಅನುಮಾನಿಸಿದ್ದರು. ನನಗೆ ಕಂಡದ್ದು ಕಾಲೂರಲು ಜಾಗ ಹುಡುಕುತ್ತಿದ್ದ ಪ್ರಾಣಿ. ಜಾಲರಿಯ ಕಣ್ಣಿನಲ್ಲಿ ಉಗುರು ಸಿಕ್ಕಿಕೊಂಡಾಗ ಅದು ಕಾಲನ್ನು ಎಳೆಯುತ್ತದೆ, ಉಗುರು ಬುಡದಿಂದಲೇ ಕಿತ್ತು ಬರುತ್ತದೆ. ಉಗುರಿನ ಗಾಯದ ಮೂಲ ಇಲ್ಲಿದೆ.

ಸುಟ್ಟ ಗಾಯದ ಕಾರಣವೂ ಇದರ ಬೆನ್ನಿಗೇ ಸಿಕ್ಕಿತು. ಬಿಸಿಲುಕಾಯುವ ದೀಪವನ್ನು ಚಾವಣಿಯ ಜಾಲರಿಯ ಮೇಲೆ ನೇರವಾಗಿ ಇಟ್ಟಿದ್ದರು. ಪೈನ್ ಕೊಂಬೆ ಚಾವಣಿಯಿಂದ 15 ಸೆಂಟಿಮೀಟರ್ ಕೆಳಗಿತ್ತು. ಕೊಂಬೆಯ ಮೇಲಿಟ್ಟ ತಾಪಮಾಪಕ 32 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು, ಹಾಗಾಗಿ ಎಲ್ಲ ಸರಿಯಿದೆ ಎಂದು ಅವರು ನಂಬಿದ್ದರು. ಆದರೆ ಊಸರವಳ್ಳಿ ಕೊಂಬೆಯ ಮೇಲೆ ಚಪ್ಪಟೆಯಾಗಿ ಮಲಗುವ ಪ್ರಾಣಿಯಲ್ಲ. ಬದಿಯಿಂದ ಬದಿಗೆ ತೆಳ್ಳಗೆ, ಮೇಲಿನಿಂದ ಕೆಳಕ್ಕೆ ಅಗಲವಾದ ಮೈ ಅದರದು. ಅದರ ಮೇಲೆ ಶಿಖೆ ಬೇರೆ. ಅದು ನಿಂತಾಗ ಬೆನ್ನು ಕೊಂಬೆಗಿಂತ ಏಳೆಂಟು ಸೆಂಟಿಮೀಟರ್ ಮೇಲಿರುತ್ತಿತ್ತು. ತಾಪಮಾಪಕದ ತುದಿಯನ್ನು ಆ ಎತ್ತರಕ್ಕೆ ಹಿಡಿದಾಗ 41 ಡಿಗ್ರಿ ಬಂತು. ಚಾವಣಿಗೆ ನೇತುಬಿದ್ದಾಗಲಂತೂ ಅದು ದೀಪಕ್ಕೆ ಮೈಯೊಡ್ಡಿದಂತೆಯೇ. ಮೈ ಸುಡುವಷ್ಟು ಹತ್ತಿರವಿದ್ದರೂ ಕೂಡಲೇ ದೂರ ಸರಿಯುವ ಎಚ್ಚರ ಈ ಪ್ರಾಣಿಗಳಲ್ಲಿ ಭರವಸೆ ಇಡುವಷ್ಟಿಲ್ಲ. ಬಿಸಿಲುಕಾಯುವ ಕೊಂಬೆಯನ್ನು ಆರಿಸುವಾಗ ಅಳೆಯಬೇಕಾದದ್ದು ಪ್ರಾಣಿಯ ಬೆನ್ನಿನ ಮಟ್ಟದಲ್ಲಿ. ಈ ಒಂದು ಮಾತನ್ನು ನಾನು ಎಲ್ಲರಿಗೂ ಪದೇಪದೇ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ.

ಪೈನ್ ಕೊಂಬೆಯ ವಿಷಯ ಪ್ರತ್ಯೇಕವಾಗಿ ನೋಡಬೇಕಾದದ್ದು, ಏಕೆಂದರೆ ಈ ಗೂಡಿನಲ್ಲಿ ಮರದ ಜಾತಿಯೇ ತೊಂದರೆ ಕೊಟ್ಟದ್ದು ಇಲ್ಲಿ ಮಾತ್ರ. ದೀಪದ ಶಾಖಕ್ಕೆ ಅದರ ಗಂಟುಗಳಿಂದ ರಾಳ ಜಿನುಗಿ, ಜೇನಿನ ಬಣ್ಣದ ಹನಿಗಳಾಗಿ ತೊಗಟೆಯ ಮೇಲೆ ನಿಂತಿತ್ತು. ಹತ್ತಿರ ಮೂಗಿಟ್ಟರೆ ಟರ್ಪೆಂಟೈನಿನ ಘಾಟು. ಪ್ರಾಣಿಯ ಎಡ ಮುಂಗಾಲಿನ ಬೆರಳುಗಳ ಸಂದಿನಲ್ಲಿ ಅದೇ ರಾಳ ಮೆತ್ತಿಕೊಂಡು, ತೊಗಟೆಯ ಪುಡಿ ಹಿಡಿದು, ಗಟ್ಟಿಯಾಗಿತ್ತು. ಪಶುವೈದ್ಯರು ಎಣ್ಣೆ ಸವರಿ ಮೆದುಗೊಳಿಸಿ ಅದನ್ನು ನಿಧಾನವಾಗಿ ಬಿಡಿಸಿದರು. ಬೆರಳುಗಳು ಹೀಗೆ ಅಂಟಿಕೊಂಡಿದ್ದರೆ ಪಾದ ಪೂರ್ತಿ ಬಿಚ್ಚುವುದಿಲ್ಲ; ಹಿಡಿತ ಅಲ್ಲಿಗೇ ಅರ್ಧವಾಗುತ್ತದೆ.

ಕೃತಕ ಬಳ್ಳಿಯನ್ನು ನಾನು ಕೈಯಲ್ಲಿ ಹಿಡಿದು ಉಜ್ಜಿದಾಗ ಪಾಚಿಯ ಚೂರುಗಳು ಉದುರಿದವು. ವೇಲ್ಡ್ ಊಸರವಳ್ಳಿಗಳು ಹುಳುಗಳ ಜೊತೆಗೆ ಎಲೆಯನ್ನೂ ತಿನ್ನುತ್ತವೆ. ಹಸಿರಾಗಿ ಕಂಡದ್ದಕ್ಕೆ ಬಾಯಿ ಹಾಕುವ ಪ್ರಾಣಿಯ ಮುಂದೆ ಉದುರುವ ಹಸಿರು ಚೂರನ್ನು ಇಡಬಾರದು. ಹೊಟ್ಟೆ ಸೇರಿದರೆ ಕರುಳು ಕಟ್ಟಿಕೊಳ್ಳುವ ಅಪಾಯವಿದೆ. ಬಳ್ಳಿಯನ್ನು ಅಂದೇ ತೆಗೆಸಿದೆವು.

ಗಿಡ ಕೊಟ್ಟ ಸುಳಿವು

ಈ ಪ್ರಕರಣದಲ್ಲಿ ದಾರಿ ತೋರಿಸಿದ್ದು ರಾತ್ರಿಯ ಹೊತ್ತು ಸಾಕುವವರು ಮೊಬೈಲಿನಲ್ಲಿ ತೆಗೆದಿದ್ದ ಕೆಲವು ಚಿತ್ರಗಳು. ಹಗಲೆಲ್ಲ ಜಾಲರಿಗೆ ಅಂಟಿಕೊಂಡಿರುತ್ತಿದ್ದ ಪ್ರಾಣಿ ಕತ್ತಲಾಗುವ ಹೊತ್ತಿಗೆ ಮೂಲೆಯ ಶೆಫ್ಲೆರಾ ಗಿಡಕ್ಕೆ ಇಳಿಯುತ್ತಿತ್ತು. ಪ್ರತಿ ಚಿತ್ರದಲ್ಲೂ ಅದೇ ರೆಂಬೆ. ಬೆರಳುಗಳು ರೆಂಬೆಯನ್ನು ಪೂರ್ತಿ ಬಳಸಿದ್ದವು, ಬಾಲ ಕೆಳಗಿನ ಕಾಂಡಕ್ಕೆ ಸುತ್ತಿಕೊಂಡಿತ್ತು, ಮೈ ಸಡಿಲವಾಗಿ ಮಸುಕು ಬಣ್ಣಕ್ಕೆ ತಿರುಗಿತ್ತು. ನಾನು ಆ ರೆಂಬೆಯ ದಪ್ಪ ಅಳೆದೆ: ಒಂದು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ, ಪೆನ್ಸಿಲಿಗಿಂತ ತುಸು ಹೆಚ್ಚು.

ಊಸರವಳ್ಳಿಗಳು ತೆಳ್ಳನೆಯ ರೆಂಬೆಯ ತುದಿಯತ್ತ ಹೋಗಿ ಮಲಗುವುದು ಅನೇಕ ಪ್ರಭೇದಗಳಲ್ಲಿ ಕಂಡುಬಂದಿರುವ ಸ್ವಭಾವ. ಹಾವಿನಂಥ ಬೇಟೆಗಾರ ಅತ್ತ ಬಂದರೆ ತೆಳು ರೆಂಬೆ ಅಲುಗಿ ಎಚ್ಚರವಾಗುತ್ತದೆ ಎನ್ನುವುದು ಅದಕ್ಕೆ ಕೊಡುವ ವಿವರಣೆ. ನಮ್ಮ ಕೆಲಸಕ್ಕೆ ಅದಕ್ಕಿಂತ ಮುಖ್ಯವಾದದ್ದು ಬೇರೆ: ಪ್ರಾಣಿಗೆ ಆಯ್ಕೆ ಸಿಕ್ಕ ಕಡೆ ಅದು ಏನನ್ನು ಆರಿಸಿತು ಎನ್ನುವುದು ನಮ್ಮ ಕಣ್ಣ ಮುಂದೆಯೇ ಇತ್ತು. ತನ್ನ ಪಾದಕ್ಕೆ ಹೊಂದುವ ದಪ್ಪ ಯಾವುದೆಂದು ಅದಕ್ಕೆ ಗೊತ್ತಿತ್ತು.

ದಪ್ಪದ ಲೆಕ್ಕ ಕಷ್ಟದ್ದೇನಲ್ಲ. ಬಿಚ್ಚಿದ ಪಾದ ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಸುತ್ತಬಲ್ಲದು ಎಂದು ನೋಡಬೇಕು. ಪ್ರಾಣಿಯನ್ನು ಹಿಡಿದು ಅಳೆಯುವ ಅಗತ್ಯವಿಲ್ಲ. ಅದು ಕೊಂಬೆಯ ಮೇಲಿರುವಾಗ ಪಕ್ಕದಿಂದ ತೆಗೆದ ಚಿತ್ರದಲ್ಲಿ ಅಂದಾಜು ಸಿಗುತ್ತದೆ. ಈ ಪ್ರಾಣಿಯ ಪಾದಕ್ಕೆ ಅದು ಸುಮಾರು ಮೂರೂವರೆ ಸೆಂಟಿಮೀಟರ್. ಎರಡೂವರೆ ಸೆಂಟಿಮೀಟರ್ ದಪ್ಪದ ಬಿದಿರಿನ ಸುತ್ತಳತೆ ಎಂಟು ಸೆಂಟಿಮೀಟರಿಗೆ ಹತ್ತಿರ. ಅಂದರೆ ಪಾದ ಅದರ ಅರ್ಧವನ್ನೂ ಸುತ್ತುತ್ತಿರಲಿಲ್ಲ. ಬೆರಳುಗಳು ಮೇಲಿನಿಂದ ಒತ್ತಿಕೊಂಡು, ಉಗುರಿನ ತುದಿಯಲ್ಲಿ ಭಾರ ಬೀಳುತ್ತಿತ್ತು. ಒಂದೂವರೆ ಸೆಂಟಿಮೀಟರ್ ದಪ್ಪದ ಕೊಂಬೆಯ ಸುತ್ತಳತೆ 4.7 ಸೆಂಟಿಮೀಟರ್, ಪಾದ ಅದರ ಮುಕ್ಕಾಲು ಭಾಗವನ್ನು ಬಳಸುತ್ತದೆ, ಹಿಡಿತ ಗಟ್ಟಿಯಾಗುತ್ತದೆ. ಎರಡು ಸೆಂಟಿಮೀಟರ್ ದಪ್ಪವಾದರೆ ಅರ್ಧಕ್ಕಿಂತ ತುಸು ಹೆಚ್ಚು, ಅದೂ ಒಪ್ಪತಕ್ಕದ್ದೇ. ಒಂದಕ್ಕಿಂತ ಕಡಿಮೆಯಾದರೆ ಬೆರಳ ತುದಿಗಳು ಒಂದನ್ನೊಂದು ದಾಟುತ್ತವೆ. ಮಲಗುವುದಕ್ಕೆ ಅಡ್ಡಿಯಿಲ್ಲ, ಇಡೀ ದಿನದ ಓಡಾಟಕ್ಕೆ ಅದೊಂದೇ ಇರಬಾರದು.

ಹಾಗೆಂದು ಲೆಕ್ಕಕ್ಕೆ ಸರಿಹೊಂದುವ ಒಂದೇ ದಪ್ಪವನ್ನು ಹುಡುಕಿ ಗೂಡು ತುಂಬಿಸುವುದೂ ಒಳ್ಳೆಯದಲ್ಲ. ಒಂದೇ ಅಳತೆಯ ಕೋಲಿನ ಮೇಲೆ ಪಾದದ ಅದೇ ಜಾಗಕ್ಕೆ ದಿನವೂ ಒತ್ತಡ ಬೀಳುತ್ತದೆ, ಚರ್ಮ ಗಟ್ಟಿಕಟ್ಟಿ ಹುಣ್ಣಾಗುತ್ತದೆ. ಒಂದು ತುದಿಯಲ್ಲಿ ದಪ್ಪಗಿದ್ದು ಇನ್ನೊಂದು ತುದಿಗೆ ಸಣ್ಣಗಾಗುವ, ನಡುವೆ ಗಂಟಿರುವ, ಅಲ್ಲಲ್ಲಿ ಬಾಗಿದ ನಿಜವಾದ ಮರದ ರೆಂಬೆಗೆ ಸಮನಾದದ್ದು ಯಾವ ಕಾರ್ಖಾನೆಯ ಕೋಲೂ ಅಲ್ಲ. ಮರಿಗಳನ್ನು ಸಾಕುವವರು ಇನ್ನೂ ಸಣ್ಣ ಅಳತೆಗೆ ಇಳಿಯಬೇಕು. ಕಡ್ಡಿಯಷ್ಟು ತೆಳ್ಳನೆಯ ರೆಂಬೆಗಳೇ ಅವಕ್ಕೆ ಬೇಕು. ಬೆಳೆದಂತೆ ಕೊಂಬೆಯೂ ಬದಲಾಗಬೇಕು.

ಮರದ ಆಯ್ಕೆ

ಈಗ ಅವರ ಮೊದಲ ಪ್ರಶ್ನೆಗೆ ಬಂದೆವು. ಬೇಡದವುಗಳಿಂದ ಶುರುಮಾಡುವುದು ಸುಲಭ. ಪೈನ್, ದೇವದಾರು ಮೊದಲಾದ ರಾಳದ, ಘಾಟಿನ ಮರಗಳು ಬೇಡ. ಕಣಗಿಲೆಯ ಯಾವ ಭಾಗವೂ ಬೇಡ. ಅದರ ಎಲೆ, ತೊಗಟೆ, ಕಡ್ಡಿ ಎಲ್ಲದರಲ್ಲೂ ಹೃದಯಕ್ಕೆ ಹಾನಿಮಾಡುವ ವಿಷವಿದೆ. ಕಳ್ಳಿ, ಎಕ್ಕದಂಥ ಹಾಲು ಸುರಿಸುವ ಗಿಡಗಳನ್ನು ಬಿಟ್ಟುಬಿಡಬೇಕು, ಆ ಹಾಲು ಕಣ್ಣಿಗೆ ತಾಗಿದರೆ ಉರಿ, ಗಾಯ. ಮುಳ್ಳಿನ ಕೊಂಬೆಯ ಮುಳ್ಳನ್ನು ಸವರಿ ಹಾಕುತ್ತೇನೆ ಎನ್ನುವವರಿಗೆ ನಾನು ಬೇಡ ಎನ್ನುತ್ತೇನೆ, ಉಳಿಯುವ ಒಂದು ಮೊನೆ ಸಾಕು.

ಆಲ, ಅರಳಿಗಳ ಕುಲವಾದ ಫೈಕಸ್ ಗಿಡಗಳ ಬಗ್ಗೆ ಗೊಂದಲವಿದೆ. ಕತ್ತರಿಸಿದಾಗ ಅವೂ ಹಾಲು ಸುರಿಸುತ್ತವೆ, ಆದರೂ ಕುಂಡದಲ್ಲಿ ಜೀವಂತವಾಗಿರುವ ಫೈಕಸ್ ಗಿಡವನ್ನು ಊಸರವಳ್ಳಿ ಸಾಕುವವರು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಸವರಿದ ಮೇಲೆ ಹಾಲು ಒಣಗುವವರೆಗೆ ಗೂಡಿನಿಂದ ಹೊರಗಿಡುವುದು ನನ್ನ ಸಲಹೆ. ಒಣ ದ್ರಾಕ್ಷಿ ಬಳ್ಳಿಯ ಕಾಂಡ ನೋಟಕ್ಕೆ ಸೊಗಸು, ಹಿಡಿತಕ್ಕೂ ಒಳ್ಳೆಯದು, ಆದರೆ ತೇವದ ಗೂಡಿನಲ್ಲಿ ಬೇಗ ಬೂಷ್ಟು ಹಿಡಿಯುತ್ತದೆ.

ಓಕ್, ಸೇಬು, ಹಿಪ್ಪುನೇರಳೆ, ದಾಸವಾಳ, ಸೀಬೆ: ಇವುಗಳಲ್ಲಿ ಯಾವುದು ಸಿಕ್ಕರೂ ನನಗೆ ಸಮ್ಮತ. ಈ ಗೂಡಿಗೆ ನಾವು ಆರಿಸಿದ್ದು ಸೀಬೆ ಮತ್ತು ದಾಸವಾಳ. ಸೀಬೆಯ ಕೊಂಬೆ ಗಟ್ಟಿ, ಕವಲುಗಳು ಅಡ್ಡಡ್ಡಲಾಗಿ ಹೊರಡುತ್ತವೆ. ತೊಗಟೆ ಮಾತ್ರ ನುಣುಪು, ಅದಕ್ಕೆ ಗಂಟು, ತಿರುವುಗಳಿರುವ ತುಂಡುಗಳನ್ನೇ ಹುಡುಕಿದೆವು. ದಾಸವಾಳ ಸ್ವಲ್ಪ ಒರಟು, ತೆಳು ರೆಂಬೆಗಳಿಗೆ ಹೇಳಿಮಾಡಿಸಿದ್ದು, ಎಲೆಯನ್ನು ಕಚ್ಚಿದರೂ ಭಯವಿಲ್ಲ.

ಮರದ ಜಾತಿಗಿಂತ ಅದು ಬೆಳೆದ ಜಾಗವನ್ನು ನಾನು ಹೆಚ್ಚು ವಿಚಾರಿಸುತ್ತೇನೆ. ಔಷಧಿ ಹೊಡೆದ ತೋಟದ ಸೇಬಿಗಿಂತ ಔಷಧಿ ಕಾಣದ ಹಿತ್ತಿಲಿನ ಸಾಧಾರಣ ಗಿಡ ಮೇಲು. ಮೇಲೆ ಸಿಂಪಡಿಸಿದ ಕೀಟನಾಶಕವನ್ನು ಸ್ವಲ್ಪಮಟ್ಟಿಗೆ ತೊಳೆಯಬಹುದು, ಬೇರಿನಿಂದ ಹೀರಿಕೊಂಡು ಗಿಡದ ರಸದಲ್ಲಿ ಸೇರುವಂಥದ್ದನ್ನು ಎಷ್ಟು ತೊಳೆದರೂ ತೆಗೆಯಲಾಗದು. ವಾಹನಗಳ ಹೊಗೆ ಕುಡಿದ ರಸ್ತೆಬದಿಯ ಮರವನ್ನೂ ಬಿಡಬೇಕು. ಗಿಡ ಯಾವುದೆಂದು ಖಚಿತವಾಗಿ ಗುರುತಿಸಲಾಗದಿದ್ದರೆ ಆ ಕೊಂಬೆ ಎಷ್ಟೇ ಚೆನ್ನಾಗಿದ್ದರೂ ಗೂಡಿಗೆ ಬರಕೂಡದು.

ಕತ್ತರಿಸಿ ತಂದ ಮೇಲೆ ಕೊಂಬೆಯನ್ನು ಕೈಯಿಂದ ಪರೀಕ್ಷಿಸಬೇಕು. ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬಾರದು. ತೊಗಟೆಯ ಅಂಚಿಗೆ ಉಗುರು ಹಾಕಿ ಎಬ್ಬಿದರೆ ಸಿಪ್ಪೆಯಾಗಿ ಏಳಬಾರದು. ಸಡಿಲ ತೊಗಟೆಯ ಅಡಿಯಲ್ಲಿ ಹುಳ, ಮೊಟ್ಟೆ ಇರುತ್ತವೆ. ಅದಲ್ಲದೆ ಆಹಾರಕ್ಕೆಂದು ಬಿಟ್ಟ ಚಿಮ್ಮಂಡೆಗಳು ಅಲ್ಲಿ ಅಡಗಿಕೊಂಡು ರಾತ್ರಿ ಮಲಗಿದ ಊಸರವಳ್ಳಿಯನ್ನು ಕಚ್ಚುತ್ತವೆ. ಹಾಗಾಗಿ ಸಡಿಲವಾದದ್ದನ್ನೆಲ್ಲ ಕಿತ್ತು, ಗಟ್ಟಿಯಾಗಿ ಅಂಟಿದ್ದನ್ನು ಉಳಿಸಿಕೊಂಡೆವು. ಕತ್ತರಿಸಿದ ತುದಿಗಳನ್ನೂ ಕವಲು ಸವರಿದ ಜಾಗಗಳನ್ನೂ ಮರಳುಕಾಗದದಿಂದ ಉಜ್ಜಿ, ನನ್ನ ಅಂಗೈಯ ಒಳಭಾಗವನ್ನು ಇಡೀ ಕೊಂಬೆಯ ಮೇಲೆ ಒತ್ತಿ ಎಳೆದೆ. ಅಂಗೈಗೆ ಚುಚ್ಚಿದ್ದು ಅದರ ಪಾದಕ್ಕೂ ಚುಚ್ಚುತ್ತದೆ. ಬಣ್ಣ, ವಾರ್ನಿಷ್ ಯಾವುದೂ ಬೇಡ. ಹಿಡಿತ ಹಾಳು, ದೀಪದ ಶಾಖಕ್ಕೆ ಹೊಗೆ ಬೇರೆ.

ಶುಚಿ ಮಾಡುವುದಕ್ಕೆ ಗಡುಸು ಬ್ರಷ್ಷು ಮತ್ತು ಕುದಿಯುವ ನೀರು ಸಾಕು. ಸೋಪು ಬಳಸಲಿಲ್ಲ. ಓವನ್ನಿನಲ್ಲಿ ಹಿಡಿಸುವಷ್ಟು ಚಿಕ್ಕ ತುಂಡುಗಳನ್ನು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ, ಪಕ್ಕದಲ್ಲೇ ನಿಂತು ನೋಡಿಕೊಂಡು, ಬಿಸಿಮಾಡಬಹುದು; ರಾಳದ ಮರವನ್ನು ಹೀಗೆ ಬಿಸಿಮಾಡಬಾರದು, ಬೆಂಕಿ ಹತ್ತಬಹುದು. ನೀರು ಬೆರೆಸಿದ ಬ್ಲೀಚಿನಲ್ಲಿ ಅದ್ದುವವರಿದ್ದಾರೆ. ಮರ ಅದನ್ನು ಹೀರಿಕೊಳ್ಳುತ್ತದೆ, ವಾಸನೆ ಪೂರ್ತಿ ಹೋಗುವವರೆಗೆ ತೊಳೆದು ಒಣಗಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ನನ್ನ ಒಲವು ಬಿಸಿನೀರು, ಬಿಸಿಲಿನ ಕಡೆಗೇ. ಹಸಿ ಕೊಂಬೆ ಒಣಗುತ್ತ ಸಂಕುಚಿಸುವುದರಿಂದ, ಕಟ್ಟುವ ಮೊದಲೇ ಚೆನ್ನಾಗಿ ಒಣಗಲು ಬಿಡುವುದು ಒಳಿತು.

ಜೋಡಣೆ

ಎಲ್ಲವನ್ನೂ ಒಂದೇ ಸಲ ಬದಲಿಸಲಿಲ್ಲ. ಊಸರವಳ್ಳಿಗೆ ಗೂಡಿನೊಳಗಿನ ದಾರಿಗಳು ನೆನಪಿರುತ್ತವೆ, ಸುತ್ತಲಿನದೆಲ್ಲ ಒಮ್ಮೆಲೇ ಮಾಯವಾದರೆ ಅದು ಕಂಗೆಡುತ್ತದೆ, ಆಹಾರ ಬಿಡುತ್ತದೆ. ಮೊದಲು ಮೇಲ್ಭಾಗ, ಅದು ಹೊಂದಿಕೊಂಡ ಮೇಲೆ ಕೆಳಭಾಗ. ಶೆಫ್ಲೆರಾ ಗಿಡವನ್ನು ಇದ್ದಲ್ಲಿಂದ ಕದಲಿಸಲಿಲ್ಲ, ಅದು ಪ್ರಾಣಿ ಮಲಗುವ ಜಾಗ.

ಬಿಸಿಲುಕಾಯುವ ಕೊಂಬೆಯನ್ನು ಚಾವಣಿಯಿಂದ 28 ಸೆಂಟಿಮೀಟರ್ ಕೆಳಗೆ ಅಡ್ಡಲಾಗಿ ಕಟ್ಟಿದೆವು. ದೀಪವನ್ನು ಜಾಲರಿಯಿಂದ ಮೇಲೆತ್ತಿ ನಿಲ್ಲಿಸಿದೆವು, ಚಾವಣಿಗೆ ಹತ್ತಿದರೂ ಮೈ ಸುಡದಿರಲಿ ಎಂದು. ಬೆನ್ನಿನ ಮಟ್ಟದಲ್ಲಿ ಶಾಖ 30ರಿಂದ 31 ಡಿಗ್ರಿಗೆ ಬಂದು ನಿಂತಿತು. ಯುವಿಬಿ ಕೊಳವೆದೀಪದ ಬೆಳಕನ್ನೂ ಅದೇ ಮಟ್ಟದಲ್ಲಿ ಅಳೆದು, ಯುವಿ ಸೂಚ್ಯಂಕ 3ರ ಆಸುಪಾಸು ಇರುವಂತೆ ನೋಡಿಕೊಂಡೆವು. ಚಾವಣಿಯ ಜಾಲರಿ ಈ ಬೆಳಕಿನ ಗಣನೀಯ ಭಾಗವನ್ನು ತಡೆಯುವುದರಿಂದ ಇದನ್ನು ಊಹೆಗೆ ಬಿಡಲಾಗದು. ಅದರ ಕೆಳಗೆ ಬೇರೆಬೇರೆ ಎತ್ತರಗಳಲ್ಲಿ ಇನ್ನೂ ನಾಲ್ಕು ಅಡ್ಡಕೊಂಬೆಗಳು, ಅವುಗಳನ್ನು ಸೇರಿಸುವ ಓರೆ ರೆಂಬೆಗಳು. ಪ್ರಾಣಿಗೆ ಶಾಖ ಬೇಕಾದರೆ ಮೇಲೆ, ತಂಪು ಬೇಕಾದರೆ ಕೆಳಗೆ, ಮರೆ ಬೇಕಾದರೆ ಎಲೆಗಳ ಹಿಂದೆ ಹೋಗಲು ದಾರಿಯಿರಬೇಕು, ಆ ದಾರಿಯಲ್ಲಿ ಎಲ್ಲಿಯೂ ಜಾಲರಿಯನ್ನು ಹಿಡಿಯುವ ಅಗತ್ಯ ಬೀಳಬಾರದು. ಒಂದು ಕೊಂಬೆಯಿಂದ ಇನ್ನೊಂದಕ್ಕಿರುವ ಅಂತರ ಮೂತಿಯಿಂದ ಬಾಲದ ಬುಡದವರೆಗಿನ ಉದ್ದದ ಅರ್ಧವನ್ನು ಮೀರುವುದು ನನಗೆ ಒಪ್ಪಿಗೆಯಿಲ್ಲ. ನಡುವೆ ಖಾಲಿ ಜಾಗವೂ ಬೇಕು. ಕಿಕ್ಕಿರಿದ ಗೂಡಿನಲ್ಲಿ ನಾಲಿಗೆ ಚಾಚಿ ಹುಳು ಹಿಡಿಯಲು ಆಗುವುದಿಲ್ಲ. ಆಹಾರದ ಬಟ್ಟಲನ್ನು ಕೊಂಬೆಯಿಂದ ನಾಲಿಗೆಗೆ ಎಟಕುವ ದೂರದಲ್ಲಿ, ಯಾವ ಕೊಂಬೆಯ ಹಿಕ್ಕೆಯೂ ಬೀಳದ ಜಾಗದಲ್ಲಿ ಇಟ್ಟರು.

ಕಟ್ಟುವ ವಿಧಾನಕ್ಕೆ ಬರುವಾಗ ನಾನು ಸ್ವಲ್ಪ ಕಟ್ಟುನಿಟ್ಟು. ಹೊರಗಿನಿಂದ ಚೌಕಟ್ಟಿನ ಮೂಲಕ ಸ್ಕ್ರೂ ಹಾಕಿ, ಅಗಲವಾದ ವಾಷರ್ ಇಟ್ಟು ಬಿಗಿದದ್ದು ಎಲ್ಲಕ್ಕಿಂತ ಭದ್ರ. ಜಾಲರಿಗೆ ಮಾತ್ರ ನೇತುಹಾಕಿದರೆ ಭಾರಕ್ಕೆ ಅದು ಹರಿಯುತ್ತದೆ. ಕೇಬಲ್ ಟೈ ಬಳಸಿದ ಕಡೆ ಗಂಟು ಮತ್ತು ಕತ್ತರಿಸಿದ ತುದಿ ಗೂಡಿನ ಹೊರಗಿರಬೇಕು, ಒಳಗಿದ್ದರೆ ಆ ಮೊನೆ ಚಾಕುವಿನ ಕೆಲಸ ಮಾಡುತ್ತದೆ. ಮೀನಿನ ಗಾಳದ ದಾರ, ನೈಲಾನ್ ನೂಲು, ಎಳೆ ಬಿಟ್ಟ ಹಗ್ಗ ಬೇಡವೇ ಬೇಡ. ಸಡಿಲವಾದ ಒಂದು ಎಳೆ ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರ ನಿಂತು ಬೆರಳೇ ಹೋಗಬಹುದು. ಗಾಜಿನ ಗೂಡಿಗೆ ಒತ್ತಿ ಹಚ್ಚುವ ರಬ್ಬರ್ ಬಟ್ಟಲುಗಳು (ಸಕ್ಷನ್ ಕಪ್) ತೇವಕ್ಕೆ ಕಳಚಿಕೊಳ್ಳುತ್ತವೆ, ದೀಪದ ಹತ್ತಿರ ಬಿಸಿ ಅಂಟು (ಹಾಟ್ ಗ್ಲೂ) ಮೆತ್ತಗಾಗುತ್ತದೆ.

ಪ್ರಾಣಿಯ ತೂಕ 140 ಗ್ರಾಂ ಎಂದು ಅಷ್ಟನ್ನೇ ತಡೆಯುವಂತೆ ಕಟ್ಟಿದರೆ ಸಾಲದು. ಬೇಟೆಯತ್ತ ಮೈ ಮುಂದಕ್ಕೆ ಚಾಚುವಾಗ, ಬೆದರಿ ಓಡುವಾಗ ಬೀಳುವ ಜಗ್ಗು ಬೇರೆಯೇ. ಪ್ರತಿ ಅಡ್ಡಕೊಂಬೆಯ ನಡುಭಾಗಕ್ಕೆ ನೀರು ತುಂಬಿದ ಒಂದು ಲೀಟರಿನ ಬಾಟಲಿ ನೇತುಹಾಕಿ ರಾತ್ರಿಯಿಡೀ ಬಿಟ್ಟೆವು. ಒಂದು ಕೊಂಬೆ ತನ್ನ ಅಚ್ಚಿನ ಸುತ್ತ ಉರುಳಿತು. ಬಾಗಿದ ಕೊಂಬೆಯ ಎರಡು ತುದಿಯನ್ನಷ್ಟೇ ಕಟ್ಟಿದರೆ ಹೀಗಾಗುವುದುಂಟು, ಭಾರ ಬಿದ್ದ ಕಡೆಗೆ ತಿರುಗಿಬಿಡುತ್ತದೆ. ಅದರ ಕವಲೊಂದನ್ನು ಪಕ್ಕದ ಚೌಕಟ್ಟಿಗೆ ಸೇರಿಸಿ ಬಿಗಿದ ಮೇಲೆ ಅಲುಗಲಿಲ್ಲ.

ಆಮೇಲಿನ ಬೆಳವಣಿಗೆ

ಮೊದಲ ಕೆಲವು ದಿನ ಪ್ರಾಣಿ ಹಳೆಯ ಅಭ್ಯಾಸದಂತೆ ಜಾಲರಿಯನ್ನೇ ಹಿಡಿಯಿತು. ಮೇಲಿನ ಅಡ್ಡಕೊಂಬೆಯ ಮೇಲೆ ಅದು ಮೊದಲು ನಿಂತದ್ದು ಬೆಳಗಿನ ಹೊತ್ತು, ಮೈ ಕಾಯಿಸಿಕೊಳ್ಳುವುದಕ್ಕೆ. ಮೈಯ ದೀಪದ ಕಡೆಗಿನ ಮಗ್ಗುಲನ್ನು ಕಪ್ಪಾಗಿಸಿಕೊಂಡು, ನಾಲ್ಕೂ ಪಾದಗಳನ್ನು ಪೂರ್ತಿ ಬಳಸಿ ನಿಂತಿತ್ತು ಎಂದು ಸಾಕುವವರು ಚಿತ್ರ ಕಳುಹಿಸಿದರು. ನಾನು ಅದರಲ್ಲಿ ಮೊದಲು ನೋಡಿದ್ದು ಉಗುರುಗಳನ್ನು: ತುದಿಗಳು ತೊಗಟೆಗೆ ತಾಗಿದ್ದವು, ಭಾರ ಬೆರಳ ಒಳಮೈ ಮೇಲಿತ್ತು. ಕೆಲವೇ ವಾರಗಳಲ್ಲಿ ಚಾವಣಿಗೆ ಹತ್ತುವುದು ನಿಂತಿತು. ಬೆರಳ ಊತ ಇಳಿಯಿತು. ಕಿತ್ತುಹೋಗಿದ್ದ ಉಗುರುಗಳಲ್ಲಿ ಒಂದು ನಿಧಾನವಾಗಿ ಮತ್ತೆ ಬೆಳೆಯುತ್ತಿದೆ. ಇನ್ನೊಂದರ ಬುಡವೇ ಹಾಳಾಗಿದ್ದರಿಂದ ಬರಲಾರದು ಎಂದು ಪಶುವೈದ್ಯರು ಹೇಳಿದ್ದಾರೆ. ಶಿಖೆಯ ಗಾಯ ಮಾಯ್ದು ಗುರುತು ಉಳಿದಿದೆ.

ತೊಂದರೆಯೇ ಇಲ್ಲವೆಂದಲ್ಲ. ದಾಸವಾಳದ ಒಂದು ರೆಂಬೆ ಸಾಕಷ್ಟು ಒಣಗಿರದ ಕಾರಣ ಸಂಕುಚಿಸಿ ಸಡಿಲವಾಯಿತು. ವಾರಕ್ಕೊಮ್ಮೆ ಪ್ರತಿ ಕೊಂಬೆಯನ್ನು ಕೈಯಿಂದ ಅಲುಗಿಸಿ ನೋಡುವ ರೂಢಿ ಇದ್ದುದರಿಂದ ಸಾಕುವವರ ಗಮನಕ್ಕೆ ಬೇಗ ಬಂತು, ಮತ್ತೆ ಬಿಗಿದರು. ಗೂಡಿನ ತಳಕ್ಕೆ ಹತ್ತಿರದ ಕೊಂಬೆಯ ಅಡಿಭಾಗದಲ್ಲಿ ಬಿಳಿ ಬೂಷ್ಟು ಕಾಣಿಸಿತು. ಅದನ್ನು ತೆಗೆದು, ಸಿಂಪಡಿಕೆಯ ನೀರು ಎರಡು ಸಿಂಪಡಿಕೆಗಳ ನಡುವೆ ಪೂರ್ತಿ ಆರುವಂತೆ ಹೊತ್ತು ಬದಲಿಸಿದ್ದಾರೆ. ಒದ್ದೆಯಾದ ಮರ ಒಣಗದೆ ಉಳಿಯುವ ಗೂಡಿನಲ್ಲಿ ಕೊಂಬೆ ಬದಲಿಸಿದಷ್ಟೂ ಬೂಷ್ಟು ಮರಳಿ ಬರುತ್ತದೆ.

ಸಾಕುವವರು ಆಹಾರ ಹಿಡಿದು ಹತ್ತಿರ ಬಂದಾಗ ಅದು ಈಗಲೂ ಬಾಗಿಲಿನ ಜಾಲರಿಗೆ ಹಾರುತ್ತದೆ. ಇದು ಕಾಲೂರಲು ಜಾಗವಿಲ್ಲದೆ ಮಾಡುವ ಕೆಲಸವಲ್ಲ, ಊಟದ ಆತುರ. ಬಾಗಿಲಿನ ಒಳಮೈಗೆ ನುಣುಪಾದ ಹಾಳೆ ಹೊದಿಸೋಣವೇ ಎಂದು ಅವರು ಕೇಳಿದರು. ಗಾಳಿಯಾಟ ಕಡಿಮೆಯಾಗುವುದರಿಂದ ನಾನು ಬೇಡವೆಂದೆ. ಅದರ ಬದಲು ಬಾಗಿಲಿನ ಪಕ್ಕದಲ್ಲೇ, ಒಂದೂವರೆ ಸೆಂಟಿಮೀಟರ್ ದಪ್ಪದ ಸೀಬೆಯ ಕವಲೊಂದನ್ನು ಕಟ್ಟಿ, ಆಹಾರವನ್ನು ಅಲ್ಲಿಂದಲೇ ಕೊಡಲು ಶುರುಮಾಡಿದ್ದಾರೆ.